ಹೊಳೆಯ ಬಾಣಂತಿ

ಬಂಡೆಗಳ ನಾಡಿನಲ್ಲಿ ಒಂದು ಹೊಳೆ. ಹೊಳೆಯ ದಂಡೆಗೆ ಒಂದು ವಿಶ್ವವಿದ್ಯಾಲಯ. ಅದರ ಬೇಲಿ ದಾಟಿದರೆ ಹೊಂಗೆಯ ನೆರಳಲ್ಲಿ ಒಂದು ಹಂಚಿನ ಮನೆ. ಆ ಮನೆಯಲ್ಲಿ ಪಂಪಾಪತಿ ಮೇಷ್ಟ್ರು ಇದ್ದರು.

ಮೇಷ್ಟ್ರು ಪ್ರಾಣಿಗಳ ಪರಿಸರವಿಜ್ಞಾನ ಕಲಿಸಿ ನಿವೃತ್ತರಾದವರು. ನಿವೃತ್ತಿಯಾದ ಮೇಲೂ ವಿದ್ಯಾರ್ಥಿಗಳು ಬರುವುದು ತಪ್ಪಲಿಲ್ಲ, ಮೇಷ್ಟ್ರು ಚಹಾ ಕಾಸುವುದೂ ತಪ್ಪಲಿಲ್ಲ. ಆ ಮನೆಯನ್ನು ಎಲ್ಲರೂ ಆಶ್ರಮ ಎಂದೇ ಕರೆಯುತ್ತಿದ್ದರು. ಅಲ್ಲಿ ಗಡ್ಡ ಇರಲಿಲ್ಲ, ಕಮಂಡಲ ಇರಲಿಲ್ಲ. ಕೇಳಿದ ಪ್ರಶ್ನೆಗೆ ನೇರ ಉತ್ತರ ಕೊಡದ ಗುಣ ಮಾತ್ರ ಭರ್ತಿ ಇತ್ತು.

ಚಳಿಗಾಲದ ಒಂದು ಬೆಳಿಗ್ಗೆ ಹುಲಿಗೆಮ್ಮ ಅಲ್ಲಿಗೆ ಬಂದಳು.

ಹುಲಿಗೆಮ್ಮ ಅಂಬಿಗರ ಮನೆಯ ಹುಡುಗಿ. ವಿಶ್ವವಿದ್ಯಾಲಯದಲ್ಲಿ ಎರಡು ವಿಷಯ ಹಿಡಿದಿದ್ದಳು. ಬೆಳಿಗ್ಗೆ ಪ್ರಾಣಿಗಳ ಪರಿಸರವಿಜ್ಞಾನ, ಮಧ್ಯಾಹ್ನ ಪ್ರವಾಸೋದ್ಯಮ ನಿರ್ವಹಣೆ. ಹೊಳೆಯ ಜೀವಗಳೆಂದರೆ ಅವಳಿಗೆ ಪ್ರಾಣ. ಹೊಳೆ ನೋಡಲು ದೂರದಿಂದ ಬಂದವರ ಮುಖ ಅರಳುವುದನ್ನು ನೋಡಿದರೂ ಅವಳಿಗೆ ಅಷ್ಟೇ ಸಂತೋಷ. ಹಾಗಾಗಿ ಎರಡೂ ಬೇಕೆಂದು ಹಟ ಹಿಡಿದು ಸೇರಿದ್ದಳು.

ಈಗ ಕೊನೆಯ ವರ್ಷ. ಮುಂದಿನ ಓದಿಗೆ ಎರಡರಲ್ಲಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಬೇಕೆಂಬುದು ನಿಯಮ. ಕೊನೆಯ ಪ್ರಾಯೋಗಿಕ ಪರೀಕ್ಷೆಯ ದಿನ ಅವಳು ಯಾವುದು ಎಂದು ಹೇಳಿಬಿಡಬೇಕು.

"ಸರ, ಯಾವುದು ಬಿಡ್ಲಿ?" ಎಂದು ಕೇಳಿದಳು.

ಮೇಷ್ಟ್ರು ಒಲೆ ಊದುತ್ತಿದ್ದರು. ತಿರುಗಿ ನೋಡಲಿಲ್ಲ.

ಹುಲಿಗೆಮ್ಮ ಕಟ್ಟೆಯ ಮೇಲೆ ಕುಳಿತು ತನ್ನ ಸಂಕಟ ಹೇಳಿಕೊಂಡಳು. ಪ್ರಾಣಿ ವಿಭಾಗದ ಮುಖ್ಯಸ್ಥರು ವೀರಭದ್ರಪ್ಪನವರು. ಕಂಡದ್ದನ್ನು ಮನುಷ್ಯ ಸುಮ್ಮನೆ ಬಿಡುವುದಿಲ್ಲ, ಆದ್ದರಿಂದ ತೋರಿಸಲೇಬೇಡಿ ಎನ್ನುವುದು ಅವರ ಮಾತು. ಪ್ರವಾಸೋದ್ಯಮ ಕಲಿಸುವವರು ಅನಸೂಯಾ ಮೇಡಂ. ಕಾಣದ್ದಕ್ಕಾಗಿ ಯಾರೂ ಅಳುವುದಿಲ್ಲ, ನಾಳೆ ಮರಳಿನ ಲಾರಿಗಳು ಹೊಳೆಗೆ ಇಳಿದರೆ ಆ ಪ್ರಾಣಿಯನ್ನು ಕಣ್ಣಾರೆ ಕಂಡವರು ಮಾತ್ರ ಅಡ್ಡ ನಿಲ್ಲುತ್ತಾರೆ ಎನ್ನುವುದು ಅವರ ಮಾತು.

"ಬೆಳಿಗ್ಗೆ ಕುಂತರ ಅವರದು ಖರೆ ಅನಸ್ತೈತಿ, ಮಧ್ಯಾಹ್ನ ಕುಂತರ ಇವರದು ಖರೆ ಅನಸ್ತೈತಿ" ಎಂದಳು. ಗೆಳತಿಯರೋ, ಅತ್ತ ದರಿ ಇತ್ತ ಹುಲಿ, ನಡುವೆ ನಮ್ಮ ಹುಲಿಗಿ ಎಂದು ಆಡಿಕೊಳ್ಳುತ್ತಿದ್ದರು.

ಮೇಷ್ಟ್ರು ಚಹಾದ ಲೋಟ ಅವಳ ಮುಂದಿಟ್ಟರು.

"ಆರತೈತಿ, ಕುಡಿ."

ಅಷ್ಟೇ ಉತ್ತರ. ಅವಳು ಕುಡಿದಳು, ಕಾದಳು, ಮತ್ತೇನೂ ಬರಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಎದ್ದು ಹೋದಳು.

ಆ ವಾರ ಅನಸೂಯಾ ಮೇಡಂ ತಮ್ಮ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟರು. ಒಬ್ಬೊಬ್ಬರೂ ಒಂದು ಗುಂಪನ್ನು ಅರ್ಧ ದಿನ ಸುತ್ತಾಡಿಸಿ ತರಬೇಕು. ಹುಲಿಗೆಮ್ಮ ನೀರುನಾಯಿ ತೋರಿಸುತ್ತೇನೆ ಎಂದಳು. ಬ್ಯಾಂಕಿನಿಂದ ನಿವೃತ್ತರಾದ ಕೆಲವರು ಅವಳ ಪಾಲಿಗೆ ಬಂದರು. ಅಪ್ಪನ ಹರಗೋಲಿನಲ್ಲಿ ಅವರನ್ನು ಕೂರಿಸಿಕೊಂಡು ಹೊರಟಳು.

ನೀರುನಾಯಿಗಳಿಗೆ ಯಾರ ವೇಳಾಪಟ್ಟಿಯೂ ಗೊತ್ತಿಲ್ಲ. ಬಿಸಿಲು ಏರಿತು. ಒಂದೂ ತಲೆ ಎತ್ತಲಿಲ್ಲ. ಒಬ್ಬ ಹೆಂಗಸು ಆಕಳಿಸಿದರು. ತಿಂಡಿ ಎಲ್ಲಿ ಎಂದು ಒಬ್ಬರು ಕೇಳಿದರು. ಟಿವಿಯಲ್ಲೇ ಚೆನ್ನಾಗಿ ಕಾಣಿಸುತ್ತಿತ್ತಲ್ಲ ಎಂದು ಇನ್ನೊಬ್ಬರು ಗೊಣಗಿದರು.

ಆ ಗೊಣಗು ಹುಲಿಗೆಮ್ಮನಿಗೆ ಚುಚ್ಚಿತು. ಬಂದವರು ಏನೂ ಕಾಣದೆ ಹೋಗಬಾರದೆಂದು ಮಧ್ಯಾಹ್ನದ ತರಗತಿ ಅವಳಿಗೆ ಕಲಿಸಿತ್ತು. ನೀರುನಾಯಿಯ ಗೂಡು ಎಲ್ಲಿದೆಯೆಂದು ಬೆಳಗಿನ ತರಗತಿ ಕಲಿಸಿತ್ತು. ಮತ್ತಿಮರದ ಬೇರಿನ ಕೆಳಗೆ, ವಾಲಿದ ಬಂಡೆಯ ಸಂದಿಯಲ್ಲಿ. ತರಗತಿಯವರು ಆಚೆ ದಡದಿಂದ ದುರ್ಬೀನು ಹಿಡಿದು ನೋಡಿದ್ದ ಜಾಗ ಅದು. ಒಳಗೆ ಕಣ್ಣು ಬಿಡದ ಮರಿಗಳಿದ್ದವು.

ಅವಳು ಬೆಳಗಿನ ಪಾಠವನ್ನು ಮಧ್ಯಾಹ್ನದ ಪಾಠಕ್ಕೆ ಮಾರಿಬಿಟ್ಟಳು. ಹರಗೋಲು ನೇರ ಆ ಸಂದಿಯ ಬಾಯಿಗೆ ಹೋಯಿತು.

ತಾಯಿ ನೀರುನಾಯಿ ಹೊರಗೆ ಬಂತು. ಕುತ್ತಿಗೆ ನೆಟ್ಟಗೆ ಮಾಡಿ ನಿಂತು ಬುಸ್ಸೆಂದಿತು. ಒಳಗೆ ಓಡಿತು, ಬಾಯಲ್ಲಿ ಒಂದು ಮರಿ ಕಚ್ಚಿಕೊಂಡು ಮತ್ತೆ ಹೊರಗೆ ಬಂತು, ಎತ್ತ ಹೋಗಬೇಕೆಂದು ತಿಳಿಯದೆ ಮತ್ತೆ ಒಳಗೆ ಹೋಯಿತು. ಹರಗೋಲಿನಲ್ಲಿ ಚಪ್ಪಾಳೆಯೇ ಚಪ್ಪಾಳೆ. ಎಲ್ಲರ ಮೊಬೈಲುಗಳೂ ಮೇಲೆದ್ದವು. ಆಕಳಿಸಿದ ಹೆಂಗಸು ಇಳಿಯುವಾಗ ಹುಲಿಗೆಮ್ಮನ ಗಲ್ಲ ಹಿಡಿದು, ಜನ್ಮ ಸಾರ್ಥಕವಾಯಿತು ಎಂದರು.

ಅನಸೂಯಾ ಮೇಡಂ ತರಗತಿಯಲ್ಲಿ ಅವಳನ್ನು ಎಬ್ಬಿಸಿ ನಿಲ್ಲಿಸಿ ಹೊಗಳಿದರು. ಅಂದು ಹುಲಿಗೆಮ್ಮನ ಕಾಲು ನೆಲದ ಮೇಲೆ ಇರಲಿಲ್ಲ.

ಮರುದಿನ ಹೋಗಿ ನೋಡಿದಳು. ನೀರುನಾಯಿಗಳು ಮೈ ಒಣಗಿಸಿಕೊಳ್ಳುವ ಬಂಡೆ ಖಾಲಿ ಇತ್ತು. ಅದರ ಮರುದಿನವೂ ಖಾಲಿ. ಬಂಡೆಯ ಮೇಲಿನ ಹಿಕ್ಕೆ ಒಣಗಿ ಪುಡಿಯಾಯಿತು. ಕೊನೆಗೆ ಗೂಡಿನ ಬಾಯಿಗೇ ಹೋದಳು. ಅಲ್ಲಿ ಜೇಡ ಬಲೆ ಕಟ್ಟಿತ್ತು.

ತಾಯಿ ಆ ಕೊರೆಯುವ ಚಳಿಯಲ್ಲಿ ಈಜು ಬಾರದ ಮರಿಗಳನ್ನು ಕಚ್ಚಿಕೊಂಡು ಹೊರಟುಹೋಗಿತ್ತು. ಹೊಳೆಯ ಕೆಳಗಡೆ ಊರಿನ ನಾಯಿಗಳಿದ್ದವು, ಯಾರೋ ಬಿಟ್ಟುಹೋದ ಬಲೆಗಳಿದ್ದವು. ಹುಲಿಗೆಮ್ಮ ಅಲ್ಲೇ ಬಂಡೆಗೆ ಒರಗಿ ಅತ್ತಳು. ಕಣ್ಣು ಒರೆಸಿಕೊಳ್ಳದೆಯೇ ಮೇಷ್ಟ್ರ ಮನೆಗೆ ಹೋದಳು.

ನಡೆದದ್ದನ್ನೆಲ್ಲ ಬಿಡದೆ ಹೇಳಿದಳು. ಮರಿಗಳು ಬದುಕಿವೆಯೋ ಸತ್ತಿವೆಯೋ ಗೊತ್ತಿಲ್ಲ ಎಂದಳು.

"ಪ್ರವಾಸದ ಪಾಠ ಬಿಟ್ಟೆ ಸರ. ಇನ್ನ ಮಂದಿನ್ನ ಹೊಳಿಗೆ ಕರ್ಕೊಂಡು ಹೋಗೂದಿಲ್ಲ."

ಮೇಷ್ಟ್ರು ಬೈಯುತ್ತಾರೆ ಎಂದುಕೊಂಡಿದ್ದಳು. ಬೈದಿದ್ದರೆ ಹಗುರಾಗುತ್ತಿತ್ತು. ಮೇಷ್ಟ್ರು ಎದ್ದು ಒಳಗೆ ಹೋಗಿ ಒಂದು ಚೀಲ ತಂದರು. ಚೀಲದಲ್ಲಿ ಒಣಕೊಬ್ಬರಿ, ಬೆಲ್ಲ, ಒಂದು ಕೂಸಿನ ಕುಲಾವಿ ಇದ್ದವು.

"ಅಂಬಿಗರ ಓಣಿ ಶಾಂತವ್ವನ ಮಗಳು ತವರಿಗೆ ಬಂದು ಹಡದಾಳ. ನನಗ ಮೊಣಕಾಲು ನೋವು. ಇಷ್ಟು ಕೊಟ್ಟು, ಕೂಸಿನ್ನ ಮಾತಾಡಿಸಿ ಬಾ."

ಮನೆ ಹೊತ್ತಿ ಉರಿಯುವಾಗ ಈ ಮನುಷ್ಯನಿಗೆ ಕುಲಾವಿಯ ಚಿಂತೆ ಎಂದು ಹುಲಿಗೆಮ್ಮನಿಗೆ ಸಿಟ್ಟು ಬಂತು. ಆದರೆ ಗುರು ಹೇಳಿದ ಮಾತು. ಚೀಲ ಎತ್ತಿಕೊಂಡು ಅಂಬಿಗರ ಓಣಿಗೆ ಹೋದಳು.

ತಿರುಗಿ ಬಂದಾಗ ಮೇಷ್ಟ್ರು ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು.

"ಕೂಸು ಯಾರ ಹಂಗ ಐತಿ?"

"ನೋಡ್ಲಿಲ್ರಿ ಸರ. ತಾಯಿ ಕೂಸು ಆಗಷ್ಟ ಮಲಗಿದ್ರಂತ."

"ಬಾಗಿಲು ಸರಿಸಿ ಇಣುಕಿ ನೋಡಬೇಕಿಲ್ಲ? ಅಷ್ಟು ದೂರ ಹೋಗಿ."

ಅಷ್ಟು ಅತ್ತಿದ್ದರೂ ಹುಲಿಗೆಮ್ಮನಿಗೆ ನಗು ಬಂತು. "ಬಾಣಂತಿ ಕ್ವಾಣಿಗೆ ಹಂಗ ನುಗ್ಗತಾರೇನ್ರಿ? ಕಾಲು ತೊಳಕೊಂಡು ಕಟ್ಟಿ ಮ್ಯಾಲೆ ಕುಂತಿದ್ದೆ."

"ಹಂಗಾರ ಹೋಗಿದ್ದು ದಂಡ ಆತು."

"ದಂಡ ಹೆಂಗ ಆಕೈತ್ರಿ?" ಅವಳಿಗೆ ಮೇಷ್ಟ್ರ ಮಾತು ವಿಚಿತ್ರವೆನಿಸಿತು. "ಒಳಗಿಂದ ಲೋಬಾನದ ವಾಸನಿ ಬಂತು. ಕೂಸು ನಿದ್ದಿಯೊಳಗ ಒಮ್ಮೆ ಕುಂಯ್ ಅಂತು. ಶಾಂತವ್ವ ಹೆರಿಗಿ ಹೆಂಗಾತು ಅಂತ ಎಲ್ಲಾ ಹೇಳಿದ್ಲು, ಕುಲಾವಿ ಕಣ್ಣಿಗೆ ಒತ್ಕೊಂಡ್ಲು. ಮನಸ್ಸು ತುಂಬಿ ಬಂದೀನ್ರಿ."

ಮೇಷ್ಟ್ರು ಒಂದು ಕಾಯಿ ಸುಲಿದರು. ಇನ್ನೊಂದು ಸುಲಿದರು.

"ಇದನ್ನ ನಿನಗ ಯಾವ ವಿಭಾಗದಾಗ ಕಲಿಸಿದ್ರು?"

ಹುಲಿಗೆಮ್ಮನ ಕಣ್ಣಿಗೆ ಮತ್ತೆ ನೀರು ಬಂತು. ಕಟ್ಟೆಯ ತುದಿಯಲ್ಲಿ ಕುಳಿತು ಅವಳೂ ಅವರೆಕಾಯಿ ಸುಲಿಯತೊಡಗಿದಳು.

ಅವಳು ಹೊರಟು ನಿಂತಾಗ ಮೇಷ್ಟ್ರು ಹೇಳಿದರು.

"ಬರೂ ಐತವಾರ ಮತ್ತ ಮಂದಿನ್ನ ಕರ್ಕೊಂಡು ಹೋಗು."

"ಅಲ್ಲಿ ಏನೂ ಉಳದಿಲ್ರಿ ಸರ."

"ಅದನ್ನ ತೋರಸು."

ಇಂಥ ಪ್ರವಾಸಕ್ಕೆ ಯಾರು ಬರುತ್ತಾರೆ? ಆದರೂ ಬಂದರು. ಪ್ರಪಂಚದಲ್ಲಿ ಐತವಾರದ ದಿನ ಕೆಲಸವಿಲ್ಲದವರು ಬಹಳ ಮಂದಿ ಇದ್ದಾರೆ.

ಹರಗೋಲು ಹತ್ತುವ ಮೊದಲೇ ಹುಲಿಗೆಮ್ಮ ಅವರನ್ನು ಮರಳಿನ ಮೇಲೆ ಕೂರಿಸಿ ನಿಜ ಹೇಳಿದಳು. ಇಲ್ಲಿ ಒಂದು ತಾಯಿ ಇತ್ತು, ಮರಿಗಳಿದ್ದವು. ನಾನು ಮಂದಿಯನ್ನು ಅದರ ಕೋಣೆಯೊಳಗೇ ನುಗ್ಗಿಸಿದೆ, ಅದು ಮನೆ ಬಿಟ್ಟು ಹೋಯಿತು. ಇವತ್ತು ನಾವು ದೂರ ನಿಂತು ಬರುತ್ತೇವೆ, ಏನೂ ಕಾಣದಿರಬಹುದು.

ಆ ಮೊದಲ ಐತವಾರದ ಗುಂಪಿನಲ್ಲಿ ಕೆಲವರು ಮುಖ ಗಂಟಿಕ್ಕಿ ಹಿಂತಿರುಗಿದರು. ಉಳಿದವರು ಹತ್ತಿದರು. ಅವಳು ವಾಲಿದ ಬಂಡೆಗೆ ಬಹಳ ಈಚೆಯೇ ಹರಗೋಲು ನಿಲ್ಲಿಸಿದಳು. ಎಲ್ಲರೂ ಸುಮ್ಮನೆ ಕುಳಿತರು. ಮೊದಲು ಬೇಸರವಾಯಿತು. ಆಮೇಲೆ ನೀರಿನ ಸದ್ದು ಬೇರೆ ಬೇರೆಯಾಗಿ ಕೇಳತೊಡಗಿತು. ಬಂಡೆಯ ಸಂದಿಯಲ್ಲಿ ಒಂದು, ಮರಳಿನ ಮೇಲೆ ಒಂದು. ಮಿಂಚುಳ್ಳಿ ಬಂತು. ಒದ್ದೆ ಮರಳಿನ ಮೇಲೆ ಹಳೆಯ ಹೆಜ್ಜೆ ಗುರುತುಗಳನ್ನು ಅವಳು ತೋರಿಸಿದಳು. ಇದು ಕೊಕ್ಕರೆ, ಇದು ಮುಂಗುಸಿ, ಇದು ನನ್ನ ತಪ್ಪಿಗೆ ಮೊದಲು ನೀರುನಾಯಿ ನಡೆದಾಡಿದ್ದ ಜಾಗ.

ಹೀಗೆ ಐತವಾರಗಳು ಕಳೆದವು. ಒಂದು ಸಲ ಬಂದ ಹೈಸ್ಕೂಲ್ ಟೀಚರೊಬ್ಬರು ಕಣ್ಣು ಮುಚ್ಚಿ ಕುಳಿತು, ಏಳುವಾಗ ಅವಳ ಕೈ ಹಿಡಿದುಕೊಂಡರು. ಇನ್ನೊಂದು ಸಲ ಬಟ್ಟೆ ಅಂಗಡಿಯವರೊಬ್ಬರು ನೀರಲ್ಲಿ ಸಿಕ್ಕಿಕೊಂಡಿದ್ದ ಹರಿದ ಬಲೆಯನ್ನು ಕಂಡು, ಇದು ಇಲ್ಲಿ ಯಾಕಿರಬೇಕು ಎಂದು ಕೇಳಿದರು. ಗುಂಪಿನವರೆಲ್ಲ ಮೊಣಕಾಲುದ್ದ ನೀರಿಗಿಳಿದು ಎಳೆದರು. ಅಂದಿನಿಂದ ಬಂದ ಗುಂಪೆಲ್ಲ ಒಂದಿಷ್ಟು ಬಲೆ ತೆಗೆದೇ ಹೋಗುತ್ತಿತ್ತು. ಕಾಣದ ಪ್ರಾಣಿಗಾಗಿ ಮಂದಿ ಮೈ ಒದ್ದೆ ಮಾಡಿಕೊಳ್ಳುವುದನ್ನು ಹುಲಿಗೆಮ್ಮ ಬೆರಗಾಗಿ ನೋಡಿದಳು. ಯಾರ ಪಾಠದಲ್ಲೂ ಇದು ಇರಲಿಲ್ಲ.

ಆದರೆ ಮರಿಗಳ ಸುದ್ದಿ ಇರಲಿಲ್ಲ. ಒಂದೊಂದು ಸಲ ಬಲೆ ಎಳೆಯುವಾಗ, ಇದರೊಳಗೆ ಏನು ಸಿಕ್ಕೀತೋ ಎಂದು ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಮಾವು ಹೂ ಬಿಡುವ ಹೊತ್ತಿಗೆ ಒಂದು ಬೆಳಿಗ್ಗೆ ಬಂಡೆಯ ಮೇಲೆ ಹಸಿ ಹಿಕ್ಕೆ ಕಂಡಿತು. ಮೀನಿನ ಹುರುಪೆ ಅದರಲ್ಲಿ ಮಿನುಗುತ್ತಿತ್ತು. ಅವಳು ಬಗ್ಗಿ ಮೂಸಿದಳು. ಕೊಳೆತ ಮೀನಿನ ನಾತ. ಆ ನಾತಕ್ಕೆ ಆನಂದದಿಂದ ಅತ್ತವರು ಈ ಭೂಮಿಯ ಮೇಲೆ ಅವಳೊಬ್ಬಳೇ ಇರಬೇಕು.

ಓಡಿಹೋಗಿ ಮೇಷ್ಟ್ರಿಗೆ ಹೇಳಿದಳು. ಮೇಷ್ಟ್ರು ಆ ದಿನ ಅವಳ ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕಿದರು. ದೊಡ್ಡ ನೀರುನಾಯಿಯೊಂದು ಬಂದಿದೆ ಎಂದರೆ ಮರಿಗಳೂ ಬಂದಿವೆ ಎಂದಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತಲಿಲ್ಲ.

ಪ್ರಾಯೋಗಿಕ ಪರೀಕ್ಷೆಯ ದಿನ ಬಂತು. ಎರಡು ವಿಷಯದವಳಾದ್ದರಿಂದ ಪರೀಕ್ಷಕರೂ ಇಬ್ಬರು. ವೀರಭದ್ರಪ್ಪನವರು ಹರಗೋಲಿನ ಒಂದು ಬದಿಗೆ, ಅನಸೂಯಾ ಮೇಡಂ ಎದುರು ಬದಿಗೆ. ಒಂದೇ ಕಾರಿಡಾರಿನಲ್ಲಿ ಎದುರಾದರೂ ಮಾತಾಡದ ಇಬ್ಬರಿಗೆ ಈಗ ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು. ಹರಗೋಲು ದುಂಡಗಿರುವುದರಿಂದ ಅದರಲ್ಲಿ ಮೂಲೆ ಹಿಡಿದು ಕೂರಲು ಬರುವುದಿಲ್ಲ. ನಡುವೆ ಪಂಪಾಪತಿ ಮೇಷ್ಟ್ರು ಟವೆಲು ಹೊದ್ದು ಕುಳಿತಿದ್ದರು. ಅವರನ್ನು ಯಾರೂ ಕರೆದಿರಲಿಲ್ಲ, ಬರಬೇಡಿ ಎನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ.

ಹುಲಿಗೆಮ್ಮ ಎಂದಿನ ಜಾಗದಲ್ಲೇ ಹರಗೋಲು ನಿಲ್ಲಿಸಿದಳು. ಎಲ್ಲರೂ ಸುಮ್ಮನಾದರು.

ಆಗ ಕೇಳಿಸಿತು.

ವಾಲಿದ ಬಂಡೆಯ ಹಿಂದಿನಿಂದ ತೆಳ್ಳಗೆ ಒಂದು ಸಿಳ್ಳೆ. ಅದರ ಬೆನ್ನಿಗೆ ಇನ್ನೊಂದು. ಆಮೇಲೆ ಎರಡೂ ಒಟ್ಟಿಗೆ.

ಮರಿಗಳು.

ಬದುಕಿವೆ, ತಾನು ಕೊಂದಿಲ್ಲ. ಅಷ್ಟು ದಿನ ಹುಲಿಗೆಮ್ಮನ ಎದೆಯ ಮೇಲೆ ಕುಳಿತಿದ್ದ ಕಲ್ಲು ಜಾರಿ ನೀರಿಗೆ ಬಿದ್ದ ಹಾಗಾಯಿತು.

ಅನಸೂಯಾ ಮೇಡಂ ಮೊಬೈಲು ತೆಗೆದಾಗಿತ್ತು. ಅವರ ಕಣ್ಣು ಹೊಳೆಯುತ್ತಿತ್ತು. "ಸ್ವಲ್ಪ ಹತ್ತಿರ ಹೋಗಮ್ಮ. ಒಂದೇ ಒಂದು ಫೋಟೋ. ಅದನ್ನ ನೋಡಿದರೆ ಸಾವಿರ ಜನ ಈ ಹೊಳೆ ಪರವಾಗಿ ನಿಲ್ತಾರೆ."

ವೀರಭದ್ರಪ್ಪನವರು ಈಗ ತಡೆಯುತ್ತಾರೆ ಎಂದುಕೊಂಡು ಹುಲಿಗೆಮ್ಮ ಅವರ ಕಡೆ ನೋಡಿದಳು. ಅವರು ಅರ್ಧ ಎದ್ದು ನಿಂತಿದ್ದರು.

"ನಾಕು ಮಾರು ಮುಂದ ತಗೊ, ಸಾಕು" ಎಂದು ಪಿಸುಗುಟ್ಟಿದರು. "ಮರಿ ಎಷ್ಟದಾವ ಎಣಿಸಿಬಿಡ್ತೀನಿ. ದಾಖಲೆ ಆಗತೈತಿ."

ಇಷ್ಟು ವರ್ಷಗಳಲ್ಲಿ ಎರಡು ವಿಭಾಗಗಳು ಒಮ್ಮತಕ್ಕೆ ಬಂದದ್ದು ಅದೇ ಮೊದಲು.

ಹುಲಿಗೆಮ್ಮನಿಗೂ ನೋಡಬೇಕಿತ್ತು. ಅವರಿಬ್ಬರಿಗಿಂತ ಹೆಚ್ಚಾಗಿ ನೋಡಬೇಕಿತ್ತು. ಅವಳ ಅಂಕ, ಅವಳ ಮುಂದಿನ ಓದು ಎಲ್ಲ ಆ ಇಬ್ಬರ ಕೈಯಲ್ಲಿತ್ತು. ಅವಳು ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ಕಣ್ಣು ಮುಚ್ಚಿ ತೂಕಡಿಸುತ್ತಿದ್ದರು, ಅಥವಾ ತೂಕಡಿಸುವವರ ಹಾಗೆ ಕುಳಿತಿದ್ದರು.

ಅವಳು ಹುಟ್ಟನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ನೀರಿಗೆ ಆಳವಾಗಿ ಇಳಿಸಿ, ಮೈಯೆಲ್ಲ ಬಲ ಹಾಕಿ ಎಳೆದಳು. ಹರಗೋಲು ನಿಧಾನವಾಗಿ ಸುತ್ತು ಹಾಕಿ ಬಂದ ದಾರಿಗೆ ಮುಖ ಮಾಡಿತು.

"ತಾಯಿ ಮೀನಿಗೆ ಹೋಗ್ಯಾಳ್ರಿ" ಎಂದಳು ಮೆಲ್ಲಗೆ. "ಮರಿ ಕರೆಯಾಕತ್ತಾವ. ನಾವು ಇಲ್ಲಿರೂತನ ಆಕಿ ಬರೂದಿಲ್ಲ. ಹಿಂದ ನೋಡಬ್ಯಾಡ್ರಿ, ಕೇಳ್ಕೊಂತ ಹೋಗೂಣು."

ಹರಗೋಲು ದೂರ ಸರಿಯಿತು. ಬೆನ್ನ ಹಿಂದೆ ಸಿಳ್ಳೆ ಕೇಳುತ್ತಲೇ ಇತ್ತು. ಒಮ್ಮೆ ನೀರು ದುಡುಂ ಎಂದಿತು. ಸಿಳ್ಳೆ ನಿಂತು, ಸಣ್ಣಗೆ ಗೊಣಗುಟ್ಟುವ, ಚಪ್ಪರಿಸುವ ಸದ್ದು ಬಂತು. ಅನಸೂಯಾ ಮೇಡಂ ಮೊಬೈಲನ್ನು ಚೀಲಕ್ಕೆ ಹಾಕಿ ಸೆರಗಿನಿಂದ ಕಣ್ಣು ಒತ್ತಿಕೊಂಡರು. ವೀರಭದ್ರಪ್ಪನವರು ಮಾತ್ರ ತಡೆಯಲಾರದೆ ಹಿಂತಿರುಗಿ ನೋಡಿದರು. ಅಷ್ಟರಲ್ಲಿ ಹರಗೋಲು ಬಂಡೆಯ ಮರೆಗೆ ಬಂದಿತ್ತು.

ದಂಡೆಗೆ ಇಳಿದ ಮೇಲೆ ಮೊದಲು ಬಾಯಿ ಬಿಟ್ಟವರು ಅನಸೂಯಾ ಮೇಡಂ. ತಮಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ ಎಂದರು. ಏನೂ ತೋರಿಸದೆ ವಾಪಸು ಕರೆತಂದರೂ ಮತ್ತೊಮ್ಮೆ ಬರೋಣ ಎನಿಸುತ್ತಿದೆ, ಬಂದವರ ಮನಸ್ಸನ್ನು ಹೀಗೆ ತುಂಬಿ ಕಳಿಸುವುದೇ ತಮ್ಮ ವಿದ್ಯೆ, ಈ ಹುಡುಗಿ ತಮ್ಮ ವಿಭಾಗದವಳು ಎಂದರು.

ವೀರಭದ್ರಪ್ಪನವರು ಕೆಮ್ಮಿದರು. ಸದ್ದು ಕೇಳಿಯೇ ತಾಯಿ ಎಲ್ಲಿದೆ, ಮರಿಗೆ ಏನು ಬೇಕು ಎಂದು ತಿಳಿದದ್ದು ಯಾವ ವಿದ್ಯೆಯಿಂದ ಎಂದು ಕೇಳಿದರು. ತಾವೇ ದಾರಿ ತಪ್ಪಿದಾಗ ತಮ್ಮನ್ನು ತಡೆದದ್ದು ತಮ್ಮದೇ ಪಾಠ, ಆದ್ದರಿಂದ ಅವಳು ತಮ್ಮವಳು ಎಂದರು.

ಮಾತಿಗೆ ಮಾತು ಬೆಳೆಯಿತು. ಕೊನೆಗೆ ಇಬ್ಬರೂ ಅವಳ ಕಡೆ ತಿರುಗಿ, ಇವತ್ತೇ ಕೊನೆಯ ದಿನ, ನೀನೇ ಹೇಳು ಎಂದರು. ಹುಲಿಗೆಮ್ಮ ಗುರುಗಳ ಮುಖ ನೋಡಿದಳು.

ಮೇಷ್ಟ್ರು ಒದ್ದೆಯಾದ ಪಂಚೆಯ ಅಂಚು ಹಿಂಡುತ್ತ ಕೇಳಿದರು.

"ಹರಗೋಲು ತಿರುಗಿಸಿದ್ದು ಯಾವ ಕೈಯವ್ವ, ಎಡಗೈಯೋ ಬಲಗೈಯೋ?"